ಅವನಿಗೆ ನಮ್ಮ ಗೋತ್ರ ಕೊಟ್ಟ ಭಾನುವಾರ

ಅಮೆರಿಕದ ಅಧ್ಯಕ್ಷ ಪದವಿಗೆ ಭಾರತೀಯ ಮೂಲದ ಹುಡುಗನೊಬ್ಬ ನಿಂತಿದ್ದಾನೆ ಎಂದು ಗೊತ್ತಾದಾಗಿನಿಂದ ನಮ್ಮ ಯಜಮಾನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಹುಡುಗ ರಾಜಕೀಯದ ಗಂಧಗಾಳಿ ಇಲ್ಲದ ವ್ಯಾಪಾರಸ್ಥ, ಆದರೆ ಮಾತು ಮಾತ್ರ ಅರಳು ಹುರಿದ ಹಾಗೆ. ಮಾರಿಸ್‌ಟೌನ್‌ನ ಇವರ ಆಫೀಸಿನಲ್ಲಿ ಬಿಳಿಯರು ಬಂದು “ಅವನು ನಿಮ್ಮವನಾ?” ಎಂದು ಕೇಳುತ್ತಿದ್ದರಂತೆ, ಇವರು ಎದೆಯುಬ್ಬಿಸಿ ಹೌದು ಎನ್ನುತ್ತಿದ್ದರಂತೆ. ಹಿಂದೂವಿಗೆ ಇಲ್ಲಿ ಯಾರು ಓಟು ಹಾಕುತ್ತಾರೆ ಎಂದು ಯಾರಾದರೂ ಅಂದರೆ ಜಗಳಕ್ಕೇ ನಿಲ್ಲುತ್ತಿದ್ದರು. ನಾವಿರುವ ಕೆಂಡಲ್ ಪಾರ್ಕಿನ ಯಾವ ಮನೆಯ ಊಟಕ್ಕೆ ಹೋದರೂ ಬಿಸಿಬೇಳೆಬಾತ್ ಆರಿ ತಣ್ಣಗಾಗುವ ತನಕ ಇದೇ ವಾದ. ಗಂಡಸರದು ಎರಡು ಪಾಳಯ, ಹೆಂಗಸರದು ಮೂರು.

ನನ್ನ ಚಿಂತೆಯೇ ಬೇರೆ. ನಾವು ಸಿಟಿಜನ್ ಆಗಿ ಹಳಬರಾದೆವು. ವುಡ್‌ಬ್ರಿಡ್ಜ್‌ನಲ್ಲಿರುವ ನನ್ನ ಮೈದುನ ಮಾತ್ರ ಕೆಲಸದ ವೀಸಾದ ಮೇಲೆ ಬಂದವನು, ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ನಿಂತೇ ಇದ್ದಾನೆ. ಅವನ ಮಗಳು ಕೈಗೂಸಾಗಿ ಬಂದು ಇಲ್ಲೇ ಅಕ್ಷರ ಕಲಿತವಳು. ಇಪ್ಪತ್ತೊಂದು ತುಂಬಿದರೆ ಅಪ್ಪನ ವೀಸಾದಲ್ಲಿ ಅವಳಿಗೆ ಜಾಗವಿಲ್ಲ. ಆಮೇಲೆ ಸ್ಟೂಡೆಂಟ್ ವೀಸಾ, ಓದು ಮುಗಿದರೆ ಕೆಲಸದ ವೀಸಾದ ಲಾಟರಿ. ಆ ಲಾಟರಿಯನ್ನೇ ಕಿತ್ತು ಬಿಸಾಡಬೇಕು ಎಂದು ಅಧ್ಯಕ್ಷನಾಗಲು ಹೊರಟ ಈ ಮಹಾರಾಯ ಹೋದಲ್ಲೆಲ್ಲ ಭಾಷಣ ಮಾಡುತ್ತಿದ್ದ!

“ರೀ, ಅವನು ಗೆದ್ರೆ ನಮ್ಮ ಪುಟ್ಟಿ ಗತಿ ಏನ್ರೀ?” ಎಂದು ಕೇಳಿದೆ.

“ಎಲೆಕ್ಷನ್ ಟೈಮಲ್ಲಿ ಎಲ್ಲಾ ಹಾಗೇ ಹೇಳ್ತಾರೆ ಕಣೇ. ಒಳಗೆ ಹೋದ್ಮೇಲೆ ನಮ್ಮೋರನ್ನ ಬಿಟ್ಟುಕೊಡ್ತಾನಾ? ಹಿತ್ತಲ ಗಿಡ ಮದ್ದಲ್ಲ ಅನ್ನೋ ಬುದ್ಧಿ ನಿಮ್ಮದು.”

ಟಿ.ವಿ.ಯಲ್ಲಿ ಅಭ್ಯರ್ಥಿಗಳ ಚರ್ಚೆ ಇತ್ತು. ಅದರ ಹಿಂದಿನ ಭಾನುವಾರ ಅವನ ಹೆಸರಿನಲ್ಲಿ ಅರ್ಚನೆ ಮಾಡಿಸಲೇಬೇಕೆಂದು ಇವರು ಹಟ ಹಿಡಿದರು. ಮೈದುನನ ಸಂಸಾರವನ್ನೂ ದೇವಸ್ಥಾನಕ್ಕೆ ಕರೆದರು. ಯಾರ ಹೆಸರಿನಲ್ಲಿ ಅರ್ಚನೆ ಎಂದು ಮಾತ್ರ ಅವರಿಗೆ ಹೇಳಿರಲಿಲ್ಲ.

ತಟ್ಟೆ ತೆಗೆದುಕೊಳ್ಳಲು ಬಂದ ಭಟ್ಟರು ಹೆಸರು, ಗೋತ್ರ ಕೇಳಿದರು. ಇವರು ಆ ಅಭ್ಯರ್ಥಿಯ ಹೆಸರು ಹೇಳಿದರು.

“ಯಾರು, ಟಿ.ವಿ.ಲಿ ಬರ್ತಾರಲ್ಲ, ಅವರಾ?” ಭಟ್ಟರಿಗೆ ನಗು ಬಂತು. “ಗೋತ್ರ ಗೊತ್ತಿಲ್ದಿದ್ರೆ ಕಾಶ್ಯಪ ಅಂತ ಹೇಳೋದು ವಾಡಿಕೆ.”

“ದಿಕ್ಕಿಲ್ಲದೋರ ಹಾಗೆ ಕಾಶ್ಯಪ ಯಾಕೆ ಭಟ್ರೇ? ನಮ್ಮನೆ ಹುಡುಗ ಅಂತ್ಲೇ ಅಂದ್ಕೊಳ್ಳಿ. ನಮ್ಮ ಗೋತ್ರನೇ ಹೇಳಿ, ಭಾರದ್ವಾಜ.”

ಅಣ್ಣನ ಎದುರು ಎಂದೂ ದನಿ ಎತ್ತದ ಮೈದುನ ಅವತ್ತು ಎತ್ತಿದ. “ಅಣ್ಣಾ, ಆ ಗೋತ್ರದಲ್ಲಿ ಹುಟ್ಟಿದ ಹುಡುಗಿ ಇಲ್ಲಿ ನಿಂತಿದ್ದಾಳೆ. ಅವಳ ದಾರಿ ಮುಚ್ತೀನಿ ಅನ್ನೋನಿಗೆ ಗೋತ್ರ ದಾನ ಮಾಡ್ತಿದ್ದೀಯಲ್ಲ, ನಾಚಿಕೆ ಆಗಲ್ವಾ?”

“ದೇವರ ಮುಂದೆ ರಾಜಕೀಯ ತರಬೇಡ.”

“ತಂದೋನು ನೀನು!”

ಹಿಂದೆ ಸಾಲಿನಲ್ಲಿದ್ದವರು ಸುಮ್ಮನಿರಬೇಕಲ್ಲ! ಒಬ್ಬರು ಅಂಕಲ್, “ಲೀಗಲ್ ಆಗಿ ಬಂದೋರಿಗೆ ಏನೂ ಆಗಲ್ಲಪ್ಪ” ಎಂದರು. “ಅವರು ಲೀಗಲ್ಲಾಗೇ ಬಂದಿರೋದು ಕಣ್ರೀ” ಎಂದು ಅವರ ಹೆಂಡತಿಯೇ ತಿರುಗಿಬಿದ್ದರು. ಮಂಗಳಾರತಿಯ ಗಂಟೆಗಿಂತ ಎಲ್ಲರ ಗದ್ದಲವೇ ಜೋರಾಯಿತು. ನನಗೂ ತಡೆಯಲಾಗಲಿಲ್ಲ. “ಮನೆಗೆ ಮಾರಿ, ಊರಿಗೆ ಉಪಕಾರಿ” ಎಂದು ಗಂಡನ ಮುಖಕ್ಕೇ ಅಂದುಬಿಟ್ಟೆ. ಇವರ ಮುಖ ಕಪ್ಪಿಟ್ಟಿತು.

ಆಗ ಹುಡುಗಿ ಮುಂದೆ ಬಂದಳು. “ಭಟ್ರೇ, ನಂದೂ ಒಂದು ಅರ್ಚನೆ ಮಾಡ್ತೀರಾ, ಪ್ಲೀಸ್? ಟ್ರಾವೆಲ್‌ಗೆ.”

“ಪ್ರಯಾಣಕ್ಕಾ? ಎಲ್ಲಿಗಮ್ಮಾ?”

“ಟೊರಾಂಟೊ. ಅಲ್ಲಿ ಅಡ್ಮಿಷನ್ ಸಿಕ್ತು. ಐ ಸೆಡ್ ಯೆಸ್.”

ನಾನು ಓರಗಿತ್ತಿಯ ಕಡೆ ತಿರುಗಿದೆ. ಹೆತ್ತ ತಾಯಿಗೂ ಅದು ಆಗಷ್ಟೇ ಗೊತ್ತಾದ ಸುದ್ದಿ. ಅಯ್ಯೋ, ಆ ಮುಖವನ್ನು ನಾನು ನೋಡಬಾರದಿತ್ತು.

“ಯಾಕೇ ಪುಟ್ಟಿ?” ಇವರ ದನಿ ಉಡುಗಿಹೋಗಿತ್ತು. “ನಾನೇನು ನಿನ್ನ ಕಳಿಸೋಕೆ ಇದನ್ನೆಲ್ಲ ಮಾಡಿದ್ನಾ?”

“ನಿಮ್ಮಿಂದ ಅಲ್ಲ ದೊಡ್ಡಪ್ಪ. ಯಾರು ಗೆದ್ರೂ ನಾನು ಕಾಯ್ತಾನೇ ಇರ್ಬೇಕು. ಐಯಾಮ್ ಟಯರ್ಡ್.” ಅವಳಿಗೆ ಸಿಟ್ಟೂ ಇರಲಿಲ್ಲ. ಬೈದಿದ್ದರೆ ಇವರು ತಡೆದುಕೊಳ್ಳುತ್ತಿದ್ದರೇನೋ.

ಭಟ್ಟರು ಇಬ್ಬರನ್ನೂ ನೋಡಿದರು. “ಯಾರ ಹೆಸರು ಮೊದಲು ಹೇಳ್ಲಿ ಸ್ವಾಮಿ?”

ಓರಗಿತ್ತಿ ಮುಂದೆ ಬಂದು ಭಟ್ಟರ ಕೈಯಲ್ಲಿದ್ದ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಮಾಡ್ಬೇಡಿ ಭಟ್ರೇ. ಯಾರದ್ದೂ ಮಾಡ್ಬೇಡಿ. ಅವಳು ಎಲ್ಲಿಗೂ ಹೋಗಲ್ಲ.”

ಭಟ್ಟರು ತಟ್ಟೆಯನ್ನು ಎಳೆಯಲಿಲ್ಲ. ಅವಳೂ ಬಿಡಲಿಲ್ಲ.

ಹುಡುಗಿ ಅಮ್ಮನ ಭುಜ ಹಿಡಿದಳು. “ಬಿಡಮ್ಮಾ, ನಾನು ಹೋಗ್ಬೇಕು.”