ಅಜ್ಜಿ ಆಡದ ಮಾತು

ಮೇಘಾ, ನಿನ್ನ ಅಜ್ಜಿಯ ಕೊನೆಯ ಮಾತೆಂದು ನೀನು ಇಷ್ಟು ವರ್ಷ ನಂಬಿಕೊಂಡಿರುವುದು ಅವರ ಮಾತಲ್ಲ. ಅದನ್ನು ಕಟ್ಟಿದವನು ನಾನು — ಈ ಪರದೇಶದಲ್ಲಿ ನಮ್ಮ ಕನ್ನಡಿಗರು ಸೇರುವ ಮಾಡ್ಬರಿಯ ಸಭಾಂಗಣದಲ್ಲಿ, ಮೈಕಿನ ಮುಂದೆ ನಿಂತು.

ನಿನಗಾಗ ಹತ್ತು ವರ್ಷ. ನಮ್ಮ ಶನಿವಾರದ ಕನ್ನಡ ತರಗತಿ ಮುಚ್ಚುವುದರಲ್ಲಿತ್ತು. ಎಲ್ಲರ ಮಕ್ಕಳಿಗೂ ಈಜು, ಕ್ರಿಕೆಟ್. ಅಪ್ಪ-ಅಮ್ಮಂದಿರ ಮನವೊಲಿಸಲು ಸಭೆ ಕರೆದಿದ್ದೆವು. ಉಪದೇಶಕ್ಕೆ ಯಾರೂ ಕರಗುವುದಿಲ್ಲ, ಒಬ್ಬರ ಕಥೆ ಹೇಳಿ ದನಿ ತಗ್ಗಿಸಿದರೆ ಕರಗುತ್ತಾರೆ — ಮೈಸೂರಿನ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಅಂಟಿದ ಚಾಳಿ ಇದು. ಊರಿನಿಂದ ಅಜ್ಜಿಯ ಫೋನ್ ಬಂದರೆ ನೀನು ಕನ್ನಡ ಮಾತಾಡಲು ನಾಚಿಕೊಂಡು ಬಾತ್‌ರೂಮಿಗೆ ಓಡುತ್ತಿದ್ದೆ ಎಂದು ನಿಮ್ಮಮ್ಮ ಒಮ್ಮೆ ನಗುತ್ತಾ ಹೇಳಿದ್ದರು. ಅಜ್ಜಿ ತೀರಿಕೊಂಡು ಆಗಿನ್ನೂ ಎರಡು ತಿಂಗಳು. ಅವರು ಹೇಗೆ ಹೋದರೆಂದು ನಾನು ವಿಚಾರಿಸಿರಲೂ ಇಲ್ಲ. ಹೆಸರು ಹೇಳದೆ ಆ ಕಥೆ ಎತ್ತಿಕೊಂಡೆ, ಕೊನೆಗೊಂದು ಸಾಲು ಸೇರಿಸಿದೆ: "ಮಗೂದು ಒಂದ್ಸಲ ದನಿ ಕೇಳಿಸ್ರೋ ಅಂತಾನೇ ಆ ತಾಯಿ ಕಣ್ಣು ಮುಚ್ಚಿದ್ರು."

ಆಮೇಲೆ ಸುಮ್ಮನೆ ನಿಂತೆ. ಎಲ್ಲೆಡೆ ಮೂಗೊರೆಸುವ ಸದ್ದು. ತರಗತಿಗೆ ಮಕ್ಕಳ ಹೆಸರು ಬರೆಸಲು ನೂಕುನುಗ್ಗಲಾಯಿತು.

ಮೂರನೇ ಸಾಲಿನಲ್ಲಿ ನೀನಿದ್ದೆ. ಇಂಗ್ಲಿಷಿನಲ್ಲೇ ಉತ್ತರಿಸುವ ನಿಮಗೆಲ್ಲ ಕನ್ನಡ ಪೂರ್ತಿ ಅರ್ಥವಾಗುತ್ತದೆಂದು ನನಗೆ ಗೊತ್ತಿತ್ತು — ಗೊತ್ತಿದ್ದೂ...

ಕಾಫಿಯ ಹೊತ್ತಿಗೆ ನನ್ನ ತೋಳು ಹಿಡಿದು ಕೇಳಿದೆ: "ಅಂಕಲ್, ಡಿಡ್ ಅಜ್ಜಿ ರಿಯಲಿ ಸೇ ದಟ್?"

ಸುತ್ತಲೂ ನನ್ನ ಕೈ ಕುಲುಕುವವರು. "ಹೂಂ ಪುಟ್ಟಿ. ಅಮ್ಮನ್ನ ಕೇಳ್ಬೇಡ, ಬೇಜಾರ್ ಮಾಡ್ಕೋತಾರೆ" ಎಂದುಬಿಟ್ಟೆ. ನಿಮ್ಮಮ್ಮ ಅವತ್ತು ಕೆಲಸಕ್ಕೆ ಹೋಗಿದ್ದರು, ಸಭೆಗೆ ಬಂದಿರಲಿಲ್ಲ. ನೀನು ಕೇಳಲಿಲ್ಲ.

ಮರುವಾರವೇ ತರಗತಿಗೆ ಸೇರಿದೆ. ಎಲ್ಲರಿಗಿಂತ ಚೆನ್ನಾಗಿ ಕಲಿತೆ. ಬಂದವರಿಗೆಲ್ಲ ನಾನು ನಿನ್ನನ್ನೇ ತೋರಿಸಿ ಬೀಗುತ್ತಿದ್ದೆ — ಥೂ, ನಾಚಿಕೆಯಾಗುತ್ತದೆ. ನೀನು ಯಾಕೆ ಅಷ್ಟು ಹಟ ಹಿಡಿದು ಕಲಿತೆ ಎಂಬುದು ನಮ್ಮಿಬ್ಬರಿಗೇ ಗೊತ್ತಿತ್ತು.

ಈಗ ಬೆಡ್‌ಫರ್ಡ್ ಪಾರ್ಕಿನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೀಯ. ತರಗತಿಗೆ ಮತ್ತೆ ಮಕ್ಕಳಿಲ್ಲ, ಭಾನುವಾರದ ಸಭೆಯಲ್ಲಿ ನೀನು ಮಾತಾಡಬೇಕು. ತಿದ್ದಿಕೊಡಿ ಎಂದು ಭಾಷಣ ಕಳಿಸಿದ್ದೀಯ. ಅದು ಶುರುವಾಗುವುದೇ ಆ ಸಾಲಿನಿಂದ. ಪಕ್ಕದಲ್ಲಿ ಬರೆದಿದ್ದೀಯ: "ಅಂಕಲ್, ಇದಾದ್ಮೇಲೆ ಎಷ್ಟು ಹೊತ್ತು ಸುಮ್ನಿರ್ಲಿ?"

ಎರಡು ದಿನದಿಂದ ಆ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ದಣಿದಿದ್ದೇನೆ, ಮೇಘಾ — ನನ್ನ ದನಿಯೇ ನನಗೆ ಸಾಕಾಗಿದೆ. ಆ ಒಂದು ಸಾಲು ಹೊಡೆದುಹಾಕಿದ್ದೇನೆ. ಉಳಿದಿದ್ದರಲ್ಲಿ ತಿದ್ದುವಂಥದ್ದೇನೂ ಇಲ್ಲ. ನಿಮ್ಮಮ್ಮನಿಗೂ ನಾನೇ ಹೇಳುತ್ತೇನೆ.

ನಾಳೆ ಸಂಜೆ ನಿನಗೆ ಫೋನ್ ಮಾಡುತ್ತೇನೆ. ನೀನು ಎತ್ತಲೇಬೇಕೆಂದಿಲ್ಲ.