ಹೆಸರಿಗೆ ಬಂದ ಟೆಂಡರ್

ನನ್ನ ಹೆಂಡತಿಯನ್ನು ಹೊಗಳಿ ಬರೆಯುವುದು ನನಗೆ ಕಷ್ಟದ ಕೆಲಸ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಮೇಲೆ ರೇಗಿ ಅಭ್ಯಾಸವಿದೆ, ಹೊಗಳಿ ಇಲ್ಲ. ಆದರೂ ಇಂಟರ್‌ನೆಟ್ಟಿನ ಒಂದು ಹೆಸರನ್ನು ಅವಳು ದೊಡ್ಡ ಕಂಪನಿಯೊಂದಕ್ಕೆ ಮಾರಿದ ರೀತಿಯನ್ನು ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಮ್ಮ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಇವು ನಮ್ಮ ಕೆಲಸ. ನಾನು ಡಿಸೈನ್ ಮಾಡುತ್ತೇನೆ. ಅವಳು ಗಿರಾಕಿಗಳನ್ನು ಮಾತಾಡಿಸುತ್ತಾಳೆ, ಪ್ರೂಫ್ ತಿದ್ದುತ್ತಾಳೆ. ಅಂಗಡಿ ಶುರು ಮಾಡಿದ ಹೊಸದರಲ್ಲಿ ಕಾರ್ಡುಗಳ ಮಾದರಿ ತೋರಿಸಲು ಒಂದು ವೆಬ್‌ಸೈಟ್ ಮಾಡಿ, ಅದಕ್ಕೆಂದು ಡೊಮೈನ್ ಹೆಸರು ಕೊಂಡಿದ್ದೆ. ಡಾಟ್ ಕಾಮ್. ಮನೆಮಂದಿಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪುಟ್ಟ ಕನ್ನಡ ಪದ. ಯಾವುದೆಂದು ಇಲ್ಲಿ ಬರೆಯುವಂತಿಲ್ಲ, ಕರಾರಿಗೆ ಸಹಿ ಹಾಕಿದ್ದೇವೆ. ವರ್ಷಕ್ಕೊಮ್ಮೆ ಇಬ್ಬರ ಹೋಟೆಲ್ ಊಟದಷ್ಟು ಹಣ ಕಟ್ಟಿದರೆ ಹೆಸರು ನಮ್ಮದಾಗಿ ಉಳಿಯುತ್ತದೆ; ಮರೆತರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ನಾನು ಕರೆಂಟ್ ಬಿಲ್ ಕಟ್ಟುವುದನ್ನು ಮರೆತಿದ್ದೇನೆ, ಅದನ್ನು ಮಾತ್ರ ಮರೆತಿಲ್ಲ.

ಹೋದ ವರ್ಷ ಮಳೆಗಾಲದ ಕೊನೆಯಲ್ಲಿ ಕಟ್ಟಡದ ಮಾಲೀಕರು ಮಹಡಿಯ ಮನೆಯಿಂದ ಇಳಿದು ಬಂದರು. ನಾವಿದ್ದ ಮಳಿಗೆಯನ್ನು ಮಾರುತ್ತೇನೆ, ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ, ದಸರಾವರೆಗೆ ಕಾಯುತ್ತೇನೆ ಎಂದರು. ಅವರು ಹೇಳಿದ ಬೆಲೆ ನ್ಯಾಯವಾಗಿಯೇ ಇತ್ತು, ನಮ್ಮ ಹತ್ತಿರ ಹಣ ಇರಲಿಲ್ಲ ಅಷ್ಟೆ. ಹದಿನೆಂಟು ವರ್ಷ ಕೂತ ಜಾಗ. ಊರಿನ ಅರ್ಧ ಮದುವೆಗಳು ಅಲ್ಲಿನ ಮೇಜಿನ ಮೇಲೆ ಅಚ್ಚಾಗಿವೆ. ಬೇರೆಯವರು ಕೊಂಡರೆ ನಾವು ಏಳಲೇಬೇಕು. ಅಂದಿನಿಂದ ನನಗೆ ಊಟ ರುಚಿಸಲಿಲ್ಲ.

ಅದಾದ ಮೂರನೆಯ ವಾರ ಮುಂಬೈಯಿಂದ ಫೋನ್ ಬಂತು. ತಾನು ಡೊಮೈನ್ ಹೆಸರುಗಳ ದಲ್ಲಾಳಿ ಎಂದು ಪರಿಚಯ ಹೇಳಿಕೊಂಡವನು, ಒಬ್ಬ ವಿದ್ಯಾರ್ಥಿ ಹವ್ಯಾಸಕ್ಕೆಂದು ಏನೋ ಮಾಡುತ್ತಿದ್ದಾನೆ, ಅವನಿಗೆ ನಿಮ್ಮ ಹೆಸರು ಬೇಕು, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ. ನನಗೆ ಬರುವ ಹಿಂದಿಯಲ್ಲಿ ಒಂದೇ ಉತ್ತರ ಹೊರಟಿತು: ನೀವೇ ನೋಡಿ ಕೊಡಿ.

ನಾನು ಭದ್ರಾವತಿಯ ಕಾಗದನಗರದಲ್ಲಿ ಬೆಳೆದವನು. ಅಪ್ಪ ಅಲ್ಲಿನ ಕಾಗದದ ಕಾರ್ಖಾನೆಯ ನೌಕರ. ಕ್ವಾರ್ಟರ್ಸಿನ ಬಾಡಿಗೆ, ಕ್ಯಾಂಟೀನಿನ ಇಡ್ಲಿ, ಸೊಸೈಟಿಯ ಅಕ್ಕಿ, ಎಲ್ಲಕ್ಕೂ ಗೊತ್ತಾದ ದರ. ಪಕ್ಕದ ಮನೆಯ ತಮಿಳರಾಗಲಿ ಎದುರು ಮನೆಯ ತೆಲುಗರಾಗಲಿ ಚೌಕಾಸಿ ಮಾಡಿದ್ದನ್ನು ನಾನು ಕಂಡಿಲ್ಲ. ಯಾರಿಗಾದರೂ ಕೆಲಸ ಮಾಡಿಕೊಟ್ಟು, ಎಷ್ಟಾಯಿತು ಎಂದು ಅವರು ಕೇಳಿದರೆ, ನೀವೇ ನೋಡಿ ಕೊಡಿ ಎನ್ನುವುದು ನಮ್ಮಲ್ಲಿ ಮರ್ಯಾದೆ. ಕೊಡುವವನೂ ಸಂಕೋಚಪಟ್ಟು ಒಂದಿಷ್ಟು ಹೆಚ್ಚೇ ಕೊಡುತ್ತಾನೆ. ಮುಂಬೈಯವನಿಗೆ ಸಂಕೋಚವಾಗಲಿಲ್ಲ. ಅಂಗಡಿಯ ಎರಡು ತಿಂಗಳ ಬಾಡಿಗೆಯಷ್ಟು ಮೊತ್ತ ಹೇಳಿದ. ನಾನು ಆಗಲಿ ಎನ್ನುವಷ್ಟರಲ್ಲಿ ಇವಳು ಫೋನ್ ಕಿತ್ತುಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಇಟ್ಟೇಬಿಟ್ಟಳು. ಮನೆಯಲ್ಲಿ ಕೇಳಲು ಇನ್ಯಾರೂ ಇರಲಿಲ್ಲ.

ಅವಳ ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿ ಮಾರುವವನು ಬೆಲೆ ಹೇಳುವ ಪದ್ಧತಿಯೇ ಇರಲಿಲ್ಲ. ಅಡಿಕೆಯ ರಾಶಿಗೆ ನಂಬರ್ ಹಾಕಿ ಇಡುತ್ತಿದ್ದರು. ವ್ಯಾಪಾರಿಗಳು ಬಂದು ಕೈಯಾಡಿಸಿ, ಒಂದೆರಡು ಅಡಿಕೆ ಕತ್ತರಿಸಿ ನೋಡಿ, ತಮ್ಮ ಬೆಲೆಯನ್ನು ಚೀಟಿಯಲ್ಲಿ ಬರೆದು ಹಾಕುತ್ತಿದ್ದರು. ಅದೇ ಟೆಂಡರ್. ಚೀಟಿ ಒಡೆದ ಮೇಲೆ ಬೆಳೆಗಾರ ಹೇಳಬೇಕಾದ್ದು ಒಂದೇ ಮಾತು: ಬಿಡ್ತೀನಿ, ಅಥವಾ ಬಿಡಲ್ಲ. ಬಿಡದ ರಾಶಿ ಇನ್ನೊಂದು ದಿನ ಮತ್ತೆ ಟೆಂಡರಿಗೆ ಕೂರುತ್ತಿತ್ತು. ಶಾಲೆಗೆ ರಜೆ ಇದ್ದಾಗಲೆಲ್ಲ ಇವಳು ಅಪ್ಪನ ಮೇಜಿನ ಪಕ್ಕ ಕೂತು ಇದನ್ನೆಲ್ಲ ನೋಡಿದ್ದಳು.

ನಾನು ಇಂಟರ್‌ನೆಟ್ಟಿನಲ್ಲಿ ಓದಿ ಪಂಡಿತನಾದೆ. ಹೆಸರು ಚಿಕ್ಕದಿದ್ದಷ್ಟೂ ಬೆಲೆ, ಡಾಟ್ ಕಾಮ್ ಆದರೆ ಇನ್ನೂ ಬೆಲೆ, ಬಾಯಿಗೆ ಸುಲಭವಾಗಿರಬೇಕು, ಅಂಥದ್ದೇ ಹೆಸರು ಹಿಂದೆ ಎಷ್ಟಕ್ಕೆ ಹೋಗಿದೆ ನೋಡಬೇಕು. ಬೆಲೆ ಕಟ್ಟುವ ಎರಡು ವೆಬ್‌ಸೈಟುಗಳಲ್ಲಿ ನಮ್ಮ ಹೆಸರು ಹಾಕಿದೆ. ಒಂದು ಸೈಕಲ್ಲಿನ ಬೆಲೆ ಹೇಳಿತು, ಇನ್ನೊಂದು ಕಾರಿನ ಬೆಲೆ. ಅವಳಿಗೆ ತೋರಿಸಿದರೆ, ಇಬ್ಬರೂ ಕೊಳ್ಳುವವರಲ್ಲ, ಅವರ ಮಾತು ಯಾಕೆ ಎಂದಳು. ಬದಲಿಗೆ ಇದೇ ಪದ ಬೇರೆ ಬಾಲಗಳ ಜೊತೆ, ಎಂದರೆ ಡಾಟ್ ಇನ್ ಮುಂತಾದವುಗಳ ಜೊತೆ, ಯಾರ ಹತ್ತಿರ ಇದೆ ಎಂದು ನೋಡಲು ಹೇಳಿದಳು. ನೋಡಿದೆ. ಮಾಲೀಕರ ಹೆಸರು ಕಾಣಲಿಲ್ಲ, ಕೊಂಡ ತಾರೀಖು ಕಂಡಿತು. ಆರು ಹೆಸರುಗಳು ಒಂದೇ ವಾರದಲ್ಲಿ ಹೋಗಿದ್ದವು, ಅದೂ ಹಿಂದಿನ ತಿಂಗಳಷ್ಟೇ.

"ಅಕ್ಕಪಕ್ಕದ ರಾಶಿ ಎಲ್ಲಾ ಎತ್ಕೊಂಡೋರು ಮಧ್ಯದ್ದೊಂದು ಬಿಟ್ಟು ಹೋಗ್ತಾರೇನ್ರೀ? ಇದು ಹುಡುಗರ ಹವ್ಯಾಸ ಅಲ್ಲ. ಯಾರೋ ದೊಡ್ಡೋರು ಮುಖ ಮುಚ್ಕೊಂಡು ಬಂದಿದಾರೆ," ಎಂದಳು.

ಹದಿನೆಂಟು ವರ್ಷ ಕಂಪ್ಯೂಟರಿನ ಮುಂದೆ ಕೂತ ನನಗೆ ಹೊಳೆಯದ್ದು ಪ್ರೂಫ್ ತಿದ್ದುವವಳಿಗೆ ಹೊಳೆದಿತ್ತು. ಅವತ್ತು ನನಗೆ ಹೆಮ್ಮೆಯಾಯಿತು, ಹೇಳಲಿಲ್ಲ.

ದಲ್ಲಾಳಿಗೆ ಏನು ಬರೆಯಬೇಕೆಂದು ಅವಳೇ ಹೇಳಿದಳು. ಈ ಹೆಸರಿನಲ್ಲಿ ನಾವು ಅಂಗಡಿ ನಡೆಸುತ್ತಿದ್ದೇವೆ, ಮಾರಲು ಇಟ್ಟಿಲ್ಲ. ಬೇಕಿದ್ದರೆ ನಿಮ್ಮ ಬೆಲೆಯನ್ನು ಒಂದೇ ಸಲ ಬರೆದು ಶನಿವಾರದೊಳಗೆ ಕಳುಹಿಸಿ. ನಾವು ಹೌದು ಅಥವಾ ಇಲ್ಲ ಎನ್ನುತ್ತೇವೆ. ಇಂಗ್ಲಿಷಿಗೆ ತರುವಾಗ ನಾನು ಮೂರು ಕಡೆ ಕ್ಷಮೆ ಕೇಳಿದ್ದೆ. ಮೂರನ್ನೂ ಹೊಡೆದುಹಾಕಿದಳು.

ಶನಿವಾರ ಉತ್ತರ ಬಂತು. ಮಳಿಗೆಯ ಬೆಲೆಯ ಸರಿಯಾಗಿ ಅರ್ಧ. ಒಂದು ಪದಕ್ಕೆ! ಉಳಿದರ್ಧವನ್ನು ಹೇಗಾದರೂ ಹೊಂದಿಸಬಹುದು ಎಂದು ನಾನು ಆಗಲೇ ಮನಸ್ಸಿನಲ್ಲಿ ಅವರಿವರ ಮನೆ ಬಾಗಿಲು ತಟ್ಟತೊಡಗಿದ್ದೆ. ಅವಳು ಎರಡು ಸಲ ಓದಿ, ಬಿಡಲ್ಲ ಎಂದು ಬರೆಯಿರಿ ಎಂದಳು.

ನಾನು ಕೂಗಾಡಿದೆ. ನಿಮ್ಮಪ್ಪನ ಮಂಡಿ ಅಲ್ಲ ಮಾರಾಯ್ತಿ ಇದು, ಅವರು ಪದದ ಹಿಂದೆ ಇನ್ನೆರಡು ಅಕ್ಷರ ಸೇರಿಸಿ ಬೇರೆ ಹೆಸರು ಮಾಡಿಕೊಂಡರೆ ಮುಗಿಯಿತು, ಹೆಸರೂ ಹೋಗಿ ಅಂಗಡಿಯೂ ಹೋಗುತ್ತದೆ ಎಂದೆ. ಅವಳು ತಲೆ ಎತ್ತದೆ ಒಂದು ಲಗ್ನಪತ್ರಿಕೆಯ ಪ್ರೂಫ್ ನೋಡುತ್ತಿದ್ದಳು. ಹುಡುಗಿಯ ಸೋದರಮಾವನ ಹೆಸರು ಬಿಟ್ಟು ಹೋಗಿದೆ, ಸೇರಿಸಿ ಎಂದಳು. ಕೊನೆಗೆ ನಾನೇ ಬರೆದು ಕಳುಹಿಸಿದೆ, ಹಲ್ಲು ಕಚ್ಚಿಕೊಂಡು.

ಹನ್ನೆರಡು ದಿನ ಮುಂಬೈಯಿಂದ ಸದ್ದಿಲ್ಲ. ನಾನು ತ್ಯಾವರೆಕೊಪ್ಪದ ಮೃಗಾಲಯದ ಬೋನಿನ ಹುಲಿಯ ಹಾಗೆ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದೆ. ಅವಳು ಹೊತ್ತಿಗೆ ಸರಿಯಾಗಿ ಉಂಡಳು, ಮಲಗಿದಳು, ಗಿರಾಕಿಗಳ ಜೊತೆ ನಕ್ಕಳು. ಇವಳಿಗೆ ಅಂಗಡಿಯ ಮೇಲೆ ಪ್ರೀತಿಯೇ ಇಲ್ಲ ಎಂದುಕೊಂಡೆ. ಎರಡು ದಿನ ಮಾತೂ ಬಿಟ್ಟೆ. ಈಗ ನೆನೆದರೆ ನನ್ನ ಮೇಲೆ ನನಗೇ ನಾಚಿಕೆ.

ಆಯುಧಪೂಜೆಗೆ ಮೂರು ದಿನ ಇರುವಾಗ ಎರಡನೆಯ ಟೆಂಡರ್ ಬಂತು. ಮಳಿಗೆಯ ಪೂರ್ತಿ ಬೆಲೆ, ಅದರ ನೋಂದಣಿ ಖರ್ಚು, ಮೇಲೆ ಸ್ವಲ್ಪ. ಅವಳು ಈ ಸಲ ಒಂದೇ ಸಲ ಓದಿದಳು. "ಬಿಡ್ತೀವಿ ಅಂತ ಬರೀರಿ. ಇನ್ನೂ ಕೊಡ್ತಿದ್ರೇನೋ, ಆದ್ರೆ ಸಾಕು."

ಹಣ ಬಂದ ಕ್ರಮ ಅವಳಿಗೆ ತುಂಬ ಹಿಡಿಸಿತು. ಕೊಳ್ಳುವವರು ಹಣವನ್ನು ಮೊದಲು ಮಧ್ಯಸ್ಥ ಸಂಸ್ಥೆಯೊಂದರಲ್ಲಿ ಇಡುತ್ತಾರೆ. ನಾವು ಹೆಸರು ಬಿಟ್ಟುಕೊಡುವ ಗುಟ್ಟಿನ ಕೋಡ್ ಕಳುಹಿಸುತ್ತೇವೆ. ಹೆಸರು ಅವರ ಕೈ ಸೇರಿದ ಮೇಲೆ ಹಣ ನಮಗೆ ಬರುತ್ತದೆ. ಬೆಳೆಗಾರ, ವ್ಯಾಪಾರಿಗಳ ನಡುವೆ ನಿಂತು ಮಂಡಿಯವರು ಮಾಡುತ್ತಿದ್ದದ್ದೂ ಇದನ್ನೇ ಎಂದು ಅವಳಿಗೆ ಸಂತೋಷ. ಕರಾರಿನಲ್ಲಿ ಕೊಳ್ಳುವವರ ನಿಜವಾದ ಹೆಸರು ನೋಡಿ ನಾನು ಕೂತಲ್ಲೇ ಕೂತೆ. ಅವರ ಆ್ಯಪ್ ನನ್ನ ಮೊಬೈಲಿನಲ್ಲೇ ಇತ್ತು.

ದಸರಾ ಕಳೆದು ಎರಡನೆಯ ವಾರ ಮಳಿಗೆಯ ನೋಂದಣಿಯಾಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲಿಳಿಯುವಾಗ ಮಾಲೀಕರು ನನ್ನ ಭುಜ ಹಿಡಿದುಕೊಂಡು ನಿಂತರು. ಹಬ್ಬಕ್ಕೆ ಎರಡು ವಾರ ಮೊದಲು ನನ್ನ ಹೆಂಡತಿ ಒಬ್ಬಳೇ ಮಹಡಿಗೆ ಬಂದು, ಬೇರೆ ಯಾರಾದರೂ ಕೇಳಿದರೆ ಕೊಟ್ಟುಬಿಡಿ, ನಮಗಾಗಿ ಕಾಯಬೇಡಿ ಎಂದು ಹೇಳಿ ಹೋಗಿದ್ದಳಂತೆ. ದಸರಾವರೆಗೆ ಎಂದು ಮಾತು ಕೊಟ್ಟಿದ್ದೆನಲ್ಲ, ಅದಕ್ಕೆ ಕಾದೆ ಎಂದರು.

ಎರಡು ವಾರ ಮೊದಲು ಎಂದರೆ ನಾವು ಬಿಡಲ್ಲ ಎಂದು ಬರೆದ ಶನಿವಾರ. ಮನೆಗೆ ಬಂದು ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

"ಅವತ್ತೇ ದುಡ್ಡು ಬೇಕಾದೋರು ಬಿಡಲ್ಲ ಅನ್ನೋಕಾಗಲ್ಲ ರೀ. ಮಂಡೀಲಿ ಎಷ್ಟು ಜನರನ್ನ ನೋಡಿದೀನಿ. ಅದಕ್ಕೆ ಮೊದ್ಲು ಅಂಗಡಿ ಹೋಯ್ತು ಅಂದ್ಕೊಂಡೆ. ಆಮೇಲೆ ಧೈರ್ಯ ಬಂತು."

ಹೋದರೆ ಎಲ್ಲಿಗೆ ಹೋಗುತ್ತಿದ್ದೆವು ಎಂದೆ. ಅವಳು ಪ್ರೂಫುಗಳ ಫೈಲಿನಿಂದ ಒಂದು ಹಾಳೆ ತೆಗೆದುಕೊಟ್ಟಳು. ವಿನೋಬನಗರದ ಹಿಂದಿನ ಅಡ್ಡರಸ್ತೆಯಲ್ಲಿ ಬಾಡಿಗೆಗಿದ್ದ ಒಂದು ಕೋಣೆಯನ್ನು ನೋಡಿ, ಅಳತೆ ಹಿಡಿದು, ನಕ್ಷೆ ಬರೆದುಕೊಂಡಿದ್ದಳು. ಹತ್ತು ಅಡಿಗೆ ಎಂಟು. ದೊಡ್ಡ ಪ್ರಿಂಟರ್ ಹಿಡಿಸುವುದಿಲ್ಲವೆಂದು ಅದಕ್ಕೆ ಕಾಟು ಹಾಕಿತ್ತು. ಗೋಡೆಯುದ್ದಕ್ಕೂ ಕಾರ್ಡುಗಳ ರ‍್ಯಾಕು, ಮೂಲೆಯಲ್ಲಿ ಕಂಪ್ಯೂಟರು, ಇದ್ದ ಒಂದೇ ಕಿಟಕಿಯ ಪಕ್ಕ 'ಇವರ ಕುರ್ಚಿ' ಎಂದು ಬರೆದಿತ್ತು. ಅವಳ ಕುರ್ಚಿಯನ್ನು ಆ ಹಾಳೆಯಲ್ಲಿ ಎರಡೆರಡು ಸಲ ಹುಡುಕಿದೆ. ಎಲ್ಲೂ ಇರಲಿಲ್ಲ.