ಮೂರು ಗೇಣಿನ ಗೇಟು

ಓನರಮ್ಮನ ಬಲಗೈಯ ಕಿರುಬೆರಳು ನಡುವಿನ ಗೆಣ್ಣಿನಲ್ಲಿ ಒಳಕ್ಕೆ ಬಾಗಿತ್ತು. ಧಾರವಾಡದ ತವರಿನಲ್ಲಿ ಹುಡುಗಿಯಾಗಿದ್ದಾಗ ಒರಳಿಗೆ ಸಿಕ್ಕಿ ಮುರಿದದ್ದು. ಯಾರೋ ಪಟ್ಟಿ ಕಟ್ಟಿ ಹಾಗೇ ಸೊಟ್ಟಗೆ ಕೂಡಿಸಿಬಿಟ್ಟಿದ್ದರಂತೆ. ಆ ಕೈಯಲ್ಲೇ ಅವರು ಲೋಕವನ್ನೆಲ್ಲ ಅಳೆಯುತ್ತಿದ್ದರು. ಕಿಟಕಿ, ಹಾಸಿಗೆ, ಫ್ರಿಜ್ಜು, ಮೊಮ್ಮಗಳ ಎತ್ತರ, ಎಲ್ಲಕ್ಕೂ ಗೇಣು. ಹೆಬ್ಬೆರಳು ಊರಿ ಕಿರುಬೆರಳು ಚಾಚಿ, ಕಂಬಳಿಹುಳದ ಹಾಗೆ ಆ ಕೈ ಗೋಡೆಯ ಮೇಲೆ ಹರಿಯುವುದನ್ನು ನೋಡುವುದೇ ನನಗೊಂದು ಮೋಜಾಗಿತ್ತು.

ವಿಶಾಖಪಟ್ಟಣದಲ್ಲಿ ಮೂರು ವರ್ಷ ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ತುಮಕೂರಿನಿಂದ ದ್ವಾರಕಾ ನಗರದ ಬ್ಯಾಂಕಿಗೆ ವರ್ಗವಾಗಿ, ತೆಲುಗಿನ ಒಂದಕ್ಷರ ಬಾರದೆ ಬಾಗಿಲು ಬಡಿದವಳಿಗೆ ಆ ಹೆಂಗಸು "ಬಾರವಾ, ಒಳಗ ಬಾ" ಎಂದಾಗ ಕಣ್ಣಲ್ಲಿ ನೀರೇ ಬಂದಿತ್ತು. ತೆಲುಗಿನವರನ್ನು ಮದುವೆಯಾಗಿ ನಲವತ್ತು ವರ್ಷದಿಂದ ಅಲ್ಲೇ ಇದ್ದವರು. ಗಂಡ ತೀರಿಕೊಂಡಿದ್ದರು. ಮಗ, ಸೊಸೆ, ಮೊಮ್ಮಗಳು ಮನೆಯಲ್ಲಿ ಆಡುವುದೆಲ್ಲ ತೆಲುಗು. ಮಗನ ಕನ್ನಡ ಊಟಕ್ಕೆ ಕರೆದರೆ ತಿಳಿಯುವಷ್ಟು ಮಾತ್ರ. ಹಾಗಾಗಿ ಅವರಿಗೆ ನಾನು ಬಾಡಿಗೆಗಿಂತ ಹೆಚ್ಚಾಗಿ ಮಾತಿಗೆ ಬೇಕಾಗಿದ್ದೆ. ನಾನು ಅವರನ್ನು ಓನರಮ್ಮ ಎನ್ನುತ್ತಿದ್ದೆ. ಹಾಗೆ ಕರೆದಾಗಲೆಲ್ಲ, "ಮನಿ ಗಂಡಂದು, ಸಾಲ ಮಗಂದು, ನಾ ಎಲ್ಲಿ ಓನರವಾ?" ಎಂದು ನಗುತ್ತಿದ್ದರು.

ಮಂಡಿ ನೋವು ಮಾತ್ರ ಅವರನ್ನು ಬಿಟ್ಟಿದ್ದೇ ಇಲ್ಲ. ನೆಲಕ್ಕೆ ಕೂರುತ್ತಿರಲಿಲ್ಲ, ಪೂಜೆಗೂ ಸ್ಟೂಲೇ. "ಕೆಳಗ ಕೂತ್ರ ನನ್ನ ಎಬ್ಬಸಲಿಕ್ಕೆ ಹಾರ್ಬರದಿಂದ ಕ್ರೇನ್ ತರಿಸಬೇಕು" ಎನ್ನುವರು.

ಒಮ್ಮೆ ನನ್ನ ಕಿಟಕಿಗೆ ಪರದೆ ಕೊಳ್ಳಲು ಜೊತೆಗೆ ಬಂದರು. ಐದು ಗೇಣು ಎಂದರು. ಅಂಗಡಿಯವನು ಗೇಣಿಗೆ ಒಂಬತ್ತು ಇಂಚಿನಂತೆ ಟೇಪು ಹಿಡಿದು ಕತ್ತರಿ ಎತ್ತಿದ. ಇವರು ಅವನ ಕೈ ತಡೆದರು. "ಆಗು ಬಾಬೂ, ನಾ ಜಾನ ಎನಿಮಿದಿ ಅಂಗುಳಾಲೇ." ನನ್ನ ಗೇಣು ಎಂಟೇ ಇಂಚು ಎಂದು. ಆಮೇಲೆ ನನ್ನ ಕಡೆ ತಿರುಗಿ, "ಸೊಟ್ಟ ಬೆರಳು ಒಂದಿಂಚು ತಿಂದಬಿಟ್ಟದ ನೋಡು. ಅದನ್ನ ಕಳದ ಹೇಳಬೇಕು. ಅಳತಿ ತಪ್ಪಿದ್ರ ಅರಿವಿ ಹಾಳು, ಮಾತು ತಪ್ಪಿದ್ರ ಮನಿ ಹಾಳು" ಎಂದರು. ನಾನು ಬ್ಯಾಂಕಿನವಳು, ಅಂದಾಜು ಅಂದರೆ ಮೈ ಉರಿಯುತ್ತದೆ. ಆದರೆ ಆ ಪರದೆ ಕಿಟಕಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು.

ಆಮೇಲೆ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಭವಾನಿಪುರಂನಲ್ಲಿ ಮನೆ ಮಾಡಿ ಅಮ್ಮನನ್ನು ಕರೆಸಿಕೊಂಡೆ. ಬಂದ ವರ್ಷವೇ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ನಡೆಸಿ" ಎಂದರು ಡಾಕ್ಟರು. ಅಮ್ಮ ನಡೆಯಲಿಲ್ಲ. ಹಿಡಿದು ನಿಲ್ಲಿಸಿದರೆ ನಡುಗುವಳು, ಗಾಲಿಕುರ್ಚಿ ಬಿಟ್ಟರೆ ಮಂಚ, ಮಂಚ ಬಿಟ್ಟರೆ ಗಾಲಿಕುರ್ಚಿ. ಐದು ತಿಂಗಳು ನಾನು ಗದರಿದೆ, ಗೋಗರೆದೆ, ಆಣೆ ಹಾಕಿದೆ. ಒಂದು ದಿನ ಬ್ಯಾಂಕಿನಿಂದ ಬಂದು ನೋಡಿದರೆ ಬಾಗಿಲ ಬಳಿ ಅವಳ ಚಪ್ಪಲಿ ಇರಲಿಲ್ಲ. "ಕೆಲಸದವಳಿಗೆ ಕೊಟ್ಟೆ ಕಣೆ, ನನಗಿನ್ಯಾಕೆ" ಎಂದಳು. ಅವತ್ತು ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ, ಅತ್ತು ಓನರಮ್ಮನಿಗೆ ಫೋನ್ ಮಾಡಿದೆ.

ಅವರು ಎಲ್ಲ ಕೇಳಿಸಿಕೊಂಡರು. "ಚಪ್ಪಲ್ಲೂ ಕೊಟ್ಟಬಿಟ್ರೇನು?" ಎಂದರು. ಆಮೇಲೆ, "ಅಕ್ಕಾರಿಗೆ ಏನರ ಆಸೆ ಅದ ಏನು?" ಎಂದು ಕೇಳಿದರು.

ಒಂದೇ ಒಂದು ಇತ್ತು. ಅಮ್ಮ ಸಮುದ್ರ ಕಂಡವಳಲ್ಲ. "ಸಮುದ್ರದೂರಲ್ಲಿ ಮೂರು ವರ್ಷ ಇದ್ದೆ, ನನಗೊಂದು ಸಲ ತೋರಿಸಲಿಲ್ಲ" ಎಂದು ಆಗಾಗ ಚುಚ್ಚುತ್ತಿದ್ದಳು. "ಕರ್ಕೊಂಡ ಬಾ" ಎಂದರು ಓನರಮ್ಮ.

ಅಲ್ಲಿಂದ ಶುರುವಾಯಿತು ಅವರ ಏರ್ಪಾಟು. ಮರಳಲ್ಲಿ ಕುರ್ಚಿ ಉರುಳುವುದಿಲ್ಲ, ಬೀಚು ಬೇಡ. ಅಲ್ಲಿಂದ ಮುಂದೆ ಸಣ್ಣದೊಂದು ಪಾರ್ಕಿದೆ, ಗೇಟಿನ ಹತ್ತಿರವೇ ಬೆಂಚು, ಬೆಂಚಿನ ಕೆಳಗೆ ಬಂಡೆ, ಬಂಡೆಗೆ ಅಲೆ. ಆಟೋ ಹಿಡಿದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡಿ ಬಂದರು. "ಮುಂಜಾನೆ ಬ್ಯಾಡವಾ, ಬಿಸಿಲು ಮಾರಿ ಮ್ಯಾಲೇ ಹೊಡೀತದ. ನಾಲ್ಕೂವರಿಗೆ ಎದುರಿನ ಅಪಾರ್ಟ್‌ಮೆಂಟಿನ ನೆರಳು ಬೆಂಚಿನ ಮ್ಯಾಲೆ ಬೀಳ್ತದ. ನಳದ ನೀರು ಉಪ್ಪು, ನೀರು ನಾ ತರ್ತೀನಿ." ಇನ್ನೊಂದು ದಿನ ಫೋನ್ ಮಾಡಿ ಗೇಟಿನ ಸುದ್ದಿ ಹೇಳಿದರು. ಸ್ಕೂಟರು, ದನ ನುಗ್ಗದಿರಲೆಂದು ಎರಡು ಕಬ್ಬಿಣದ ಕಂಬ ನೆಟ್ಟಿದ್ದಾರೆ. "ನಡುವ ಮೂರು ಗೇಣದ. ಇಪ್ಪತ್ತೇಳು ಇಂಚು. ನಿನ್ನ ಕುರ್ಚಿ ಎಷ್ಟದ?"

ಟೇಪು ಹಿಡಿದೆ. "ಇಪ್ಪತ್ತೈದು."

"ಹಂಗಾರ ಆರಾಮ ಹೋಗ್ತದ. ರೈಲು ಅನಕಾಪಲ್ಲಿ ದಾಟಿದ ಕೂಡಲೆ ಫೋನ್ ಮಾಡು, ಅನ್ನಕ್ಕ ಇಡ್ತೀನಿ."

ನಾವು ಹೋದೆವು. ಆ ಸಂಜೆ ಅಮ್ಮ ಮಂಚದ ಮೇಲೆ ಮಲಗಿದ್ದಾಗ ಓನರಮ್ಮ ಸ್ಟೂಲು ಎಳೆದುಕೊಂಡು ಅವಳ ಪಾದಕ್ಕೆ ಎಣ್ಣೆ ತಿಕ್ಕಿದರು. ಅವರ ಕೈ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಒಮ್ಮೆ ಚಾಚಿಕೊಂಡದ್ದು ಕಂಡೆ. ತಿಕ್ಕುವ ರೀತಿಯೇ ಹಾಗಿರಬೇಕು ಅಂದುಕೊಂಡೆ. ಮಾರನೆಯ ಬೆಳಿಗ್ಗೆ ಕೊತ್ತಂಬರಿ ತರುತ್ತೇನೆಂದು ಹೊರಟವರು ಬಹಳ ಹೊತ್ತು ಬರಲಿಲ್ಲ.

ಸಂಜೆ ನಾಲ್ಕೂವರೆಗೆ ಪಾರ್ಕಿನ ಮುಂದೆ ನಿಂತೆವು. ಅಲೆಯ ಸದ್ದು ಕೇಳುತ್ತಿತ್ತು, ಅಮ್ಮ ಕುರ್ಚಿಯಲ್ಲೇ ಕತ್ತು ಚಾಚುತ್ತಿದ್ದಳು. ನಾನು ಕುರ್ಚಿಯನ್ನು ಕಂಬಗಳ ನಡುವೆ ನೂಕಿದೆ. ಗಾಲಿಯ ಅಂಚು ಎರಡೂ ಕಡೆ ಕಂಬಕ್ಕೆ ತಗುಲಿ ನಿಂತಿತು. ಓರೆ ಮಾಡಿದೆ, ಎತ್ತಿದೆ, ಮತ್ತೆ ನೂಕಿದೆ. ಒಂದಿಂಚಿಗೆ ಸಿಕ್ಕಿಕೊಂಡಿತ್ತು. ದೊಡ್ಡ ಗೇಟಿನ ಬೀಗದ ಕೈ ತನ್ನ ಹತ್ತಿರ ಇಲ್ಲವೆಂದ ವಾಚ್‌ಮನ್. ಎತ್ತಿಕೊಳ್ಳುತ್ತೇನೆಂದರೆ ಅಮ್ಮ, "ಬೇಡ, ಬೀಳಿಸ್ತೀಯ, ಹೋಗೋಣ ನಡಿ" ಎಂದು ಅಳುವ ಹಾಗಾದಳು.

ನನಗೆ ತಲೆ ಕೆಟ್ಟಿತು. "ನಿಮ್ಮ ಸೊಟ್ಟ ಬೆರಳು ನೆಚ್ಚಿಕೊಂಡು ಆರು ಗಂಟೆ ಕಾಲ ರೈಲಿನಲ್ಲಿ ಕೂತು ಬಂದ್ವಲ್ಲ, ನಮಗೆ ಬುದ್ಧಿ ಇಲ್ಲ! ಒಂದು ಟೇಪು ಸಿಗಲಿಲ್ವೇ ನಿಮಗೆ?" ಎಂದುಬಿಟ್ಟೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

"ತಪ್ಪಾತವಾ," ಎಂದರು ಅವರು ಮೆತ್ತಗೆ. "ವಯಸ್ಸಾತಲ್ಲ, ಗೇಣಿಗೊಂದಿಂಚು ಕಳಿಯೋದು ಮರತೆ."

ಹಾಗೆಂದವರೇ ಅಮ್ಮನ ಮುಂದೆ ನೆಲಕ್ಕೆ ಮಂಡಿಯೂರಿ ಕೂತರು. ಕೈಚೀಲದಿಂದ ಹೊಸ ರಬ್ಬರ್ ಚಪ್ಪಲಿ ತೆಗೆದು ಅಮ್ಮನ ಕಾಲಿಗೆ ಒಂದೊಂದಾಗಿ ಹಾಕಿದರು. "ಅಕ್ಕಾರ, ಬೆಂಚಿಗೆ ನನ್ನ ಹೆಜ್ಜೀಲೆ ಹದಿನಾಲ್ಕ ಹೆಜ್ಜಿ. ನಿಮ್ಮವು ಇಪ್ಪತ್ತಾಗ್ಲಿ. ಕುರ್ಚಿ ಹೋಗಲಿಲ್ಲಂದ್ರ ನಾವೂ ಹೋಗಬಾರದೇನ್ರಿ? ನನ್ನ ಕೈ ಹಿಡೀರಿ."

ಅಮ್ಮ ಚಪ್ಪಲಿ ನೋಡಿದಳು. ಆಮೇಲೆ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಅಮ್ಮ ಒಂದು ಕೈಯಲ್ಲಿ ಕಂಬ ಹಿಡಿದಳು, ಇನ್ನೊಂದು ಕೈ ಅವರಿಗೆ ಕೊಟ್ಟಳು, ಎದ್ದು ನಿಂತಳು. ಆ ಕೈ ಹಿಡಿದು ಅವರೂ ಎದ್ದರು. ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ನಡೆದರು. ಇಪ್ಪತ್ತಲ್ಲ, ಇಪ್ಪತ್ತೊಂಬತ್ತು ಹೆಜ್ಜೆ. ಹಿಂದಿನಿಂದ ನಾನು ಎಣಿಸಿದೆ. ಬೆಂಚಿಗೆ ಕೂತ ಮೇಲೆ ಅಲೆಯೊಂದು ಬಂಡೆಗೆ ಬಡಿದು ಹನಿ ಮುಖಕ್ಕೆ ಹಾರಿತು. ಅಮ್ಮ ತುಟಿ ಸವರಿ, "ಅಯ್ಯೋ, ನಿಜವಾಗ್ಲೂ ಉಪ್ಪು!" ಎಂದು ನಕ್ಕಳು. ಐದು ತಿಂಗಳ ಮೇಲೆ ಆ ನಗು ಕೇಳಿದ್ದು. ಓನರಮ್ಮ ಅವಳ ಪಾದ ನೋಡುತ್ತ "ಸರಿಪೋಯಿಂದಿ" ಎಂದರು, ಅಳತೆ ಸರಿಹೋಯಿತೆಂದು.

ವಾಪಸು ರೈಲಿನಲ್ಲಿ ಅಮ್ಮನ ಕಾಲಿನ ಚಪ್ಪಲಿ ನೋಡುತ್ತ ಕೂತಿದ್ದಾಗ ನನಗೆ ಹೊಳೆಯಿತು. ಕುರ್ಚಿ ಹೋಗುವುದಾಗಿದ್ದರೆ ನಡೆಯದವಳಿಗೆ ಚಪ್ಪಲಿ ಯಾಕೆ? ಪರದೆಯ ಅಂಗಡಿ ನೆನಪಾಯಿತು. ಜನ್ಮವಿಡೀ ಗೇಣಿಗೊಂದಿಂಚು ಕಳೆದೇ ಹೇಳಿದವರು ಆ ಗೇಟಿಗೆ ಮಾತ್ರ ಹೇಗೆ ಮರೆತಾರು? ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದೆ. ಫೋನಿನಲ್ಲಿ ಕ್ಷಮೆ ಕೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಅಕ್ಕಾರ ಇವತ್ತ ಎಷ್ಟ ಹೆಜ್ಜಿ ಹಾಕಿದ್ರು?" ಎಂದು ಕೇಳುತ್ತಿದ್ದರು. ಹೆಜ್ಜೆ ನೂರಾಯಿತು, ಅಮ್ಮ ಕೃಷ್ಣೆಯ ದಡದವರೆಗೂ ಹೋಗಿ ಬರುವಂತಾದಳು. ನನ್ನ ಮಾತು ಬಾಯಲ್ಲೇ ಉಳಿಯಿತು.

ಕಳೆದ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರದಲ್ಲಿ ಅವರು ಹೋಗಿಬಿಟ್ಟರು. ಹನ್ನೊಂದನೆಯ ದಿನಕ್ಕೆ ಅಮ್ಮ, ನಾನು ಹೋದೆವು. ಅವರ ಮನೆಯ ಮೆಟ್ಟಿಲನ್ನು ಅಮ್ಮ ತಾನೇ ಹತ್ತಿದಳು. ಸಂಜೆ ಪಾರ್ಕಿಗೆ ಹೋಗೋಣವೆಂದಳು. ಕಂಬಗಳ ನಡುವೆ ನಿಂತು ನಾನು ಹೇಳಿದೆ, "ಅಮ್ಮ, ಆ ದಿನ ಅವರು ಲೆಕ್ಕ ತಪ್ಪಿರಲಿಲ್ಲ. ಬೇಕೂಂತಲೇ ಮಾಡಿದ್ದು."

"ಗೊತ್ತು ಕಣೆ. ಚೀಲದಿಂದ ಚಪ್ಪಲಿ ತೆಗೆದಾಗಲೇ ಗೊತ್ತಾಯ್ತು."

"ಗೊತ್ತಿದ್ದೂ ಎದ್ಯಾ? ನಾನು ಐದು ತಿಂಗಳು ಬಡ್ಕೊಂಡ್ರೂ ಏಳದವಳು?"

ಅಮ್ಮ ಕಂಬದ ಮೇಲೆ ಕೈಯಿಟ್ಟಳು.

"ನೀನು ನಿಂತ್ಕೊಂಡು ಏಳು ಅಂತಿದ್ದೆ. ಅವರು ಆ ಮಂಡಿ ಇಟ್ಕೊಂಡು ನೆಲಕ್ಕೆ ಕೂತುಬಿಟ್ರಲ್ಲೇ. ನಾನು ಎದ್ದು ಕೈ ಕೊಡದೆ ಇದ್ದಿದ್ರೆ ಅವರನ್ನ ಎಬ್ಬಿಸೋರು ಯಾರು?"